ಪ್ರಾಂತ್ಯ ಬೇರೆಯಾದರೆ ಒಕ್ಕೂಟದಲ್ಲಿ ಅದರ ಜಾಗ ಯಾರ ಕೈಯಲ್ಲಿರುತ್ತದೆ?

ಕಾಳಿ_ತೀರ (ಕಾರವಾರ)

ಸ್ಪೇನಿನ ಕ್ಯಾಟಲೋನಿಯಾ ಪ್ರಾಂತ್ಯದ ಕುರಿತು ಹಿಂದೆ ನಡೆದ ಚರ್ಚೆಯ ಕೊನೆಯಲ್ಲಿ ಒಬ್ಬರು, "ತೆಲಂಗಾಣ ಆಂಧ್ರದಿಂದ ಬೇರೆಯಾಗಿ ಭಾರತದಲ್ಲೇ ಉಳಿಯಿತಲ್ಲ, ಕ್ಯಾಟಲೋನಿಯಾ ಸ್ಪೇನಿನಿಂದ ಬೇರೆಯಾಗಿ ಐರೋಪ್ಯ ಒಕ್ಕೂಟದಲ್ಲೇ ಉಳಿದರೆ ಯಾರಿಗೇನು ನಷ್ಟ?" ಎಂದು ಕೇಳಿದ್ದರು. ಆ ಪ್ರಶ್ನೆಯಲ್ಲಿ ತೀರಾ ಭಿನ್ನವಾದ ಎರಡು ಒಕ್ಕೂಟಗಳು ಬೆರೆತುಹೋಗಿವೆ ಎಂದು ಅನ್ನಿಸಿದ್ದರಿಂದ ಇದನ್ನು ಪ್ರತ್ಯೇಕ ಚರ್ಚೆಯಾಗಿ ತೆರೆಯುತ್ತಿದ್ದೇನೆ.

ನಮ್ಮ ಸಂವಿಧಾನದ 1ನೇ ವಿಧಿ ಭಾರತವನ್ನು ರಾಜ್ಯಗಳ ಒಕ್ಕೂಟ ಎಂದು ಕರೆಯುತ್ತದೆ. 3ನೇ ವಿಧಿಯಾದರೋ ಯಾವ ರಾಜ್ಯದ ಗಡಿಯನ್ನೂ ಹೆಸರನ್ನೂ ವಿಸ್ತೀರ್ಣವನ್ನೂ ಬದಲಿಸುವ ಅಧಿಕಾರವನ್ನು ಸಂಸತ್ತಿಗೆ ಕೊಡುತ್ತದೆ. ಸಂಬಂಧಪಟ್ಟ ವಿಧಾನಮಂಡಲದ ಅಭಿಪ್ರಾಯ ಕೇಳಬೇಕು, ಒಪ್ಪಿಗೆ ಬೇಕಿಲ್ಲ. 2014ರ ಜನವರಿ 30ರಂದು ಆಂಧ್ರಪ್ರದೇಶದ ವಿಧಾನಸಭೆ ವಿಭಜನೆಯ ಮಸೂದೆಯನ್ನು ತಿರಸ್ಕರಿಸಿತು; ಫೆಬ್ರವರಿಯಲ್ಲಿ ಸಂಸತ್ತು ಅದನ್ನೇ ಅಂಗೀಕರಿಸಿತು; ಜೂನ್ 2ರಂದು ಹೊಸ ರಾಜ್ಯ ಅಸ್ತಿತ್ವಕ್ಕೆ ಬಂತು. ಆ ದಿನ ವಾರಂಗಲ್ಲಿನ ಒಬ್ಬ ರೈತನ ಪೌರತ್ವವಾಗಲಿ, ಅವನ ಜೇಬಿನ ರೂಪಾಯಿಯಾಗಲಿ, ಮುಂಬಯಿಗೆ ಹೋಗಿ ದುಡಿಯುವ ಹಕ್ಕಾಗಲಿ ಕೂದಲೆಳೆಯಷ್ಟೂ ಬದಲಾಗಲಿಲ್ಲ, ಏಕೆಂದರೆ ಅವೆಲ್ಲ ಅವನಿಗೆ ನೇರವಾಗಿ ಭಾರತದಿಂದ ಬಂದಿದ್ದವೇ ಹೊರತು ಆಂಧ್ರದ ಮೂಲಕ ಬಂದಿರಲಿಲ್ಲ.

ಐರೋಪ್ಯ ಒಕ್ಕೂಟದಲ್ಲಿ ಇದು ಪೂರ್ತಿ ತಿರುವುಮುರುವು. ಅಲ್ಲಿನ ಪೌರತ್ವ ಸದಸ್ಯ ರಾಷ್ಟ್ರದ ಪೌರತ್ವದ ಬೆನ್ನಿಗೆ ಕಟ್ಟಿದ್ದು. ಕ್ಯಾಟಲೋನಿಯಾದ ರಾಜಧಾನಿ ಬಾರ್ಸೆಲೋನಾದವನು ಸ್ಪೇನಿನವನಾಗಿರುವ ಕಾರಣಕ್ಕೆ ಒಕ್ಕೂಟದ ಪ್ರಜೆ. ಸ್ಪೇನ್ ಕಳಚಿದರೆ ಅದೂ ಕಳಚುತ್ತದೆ. ಒಳಗೆ ಬರಲು ಮತ್ತೆ ಅರ್ಜಿ ಹಾಕಬೇಕು, ಆ ಅರ್ಜಿಗೆ ಎಲ್ಲ ಸದಸ್ಯ ರಾಷ್ಟ್ರಗಳೂ ಒಪ್ಪಬೇಕು, ಆ ರಾಷ್ಟ್ರಗಳಲ್ಲಿ ಸ್ಪೇನ್ ಕೂಡ ಒಂದು. ಬ್ರಿಟನ್ನಿನಿಂದ ಬೇರೆಯಾಗಬಯಸುವ ಸ್ಕಾಟ್ಲೆಂಡಿನ ರಾಷ್ಟ್ರೀಯ ಪಕ್ಷ 1988ರಿಂದ ಹಿಡಿದುಕೊಂಡು ಬಂದ "ಯುರೋಪಿನಲ್ಲಿ ಸ್ವಾತಂತ್ರ್ಯ" ಎಂಬ ಘೋಷಣೆ ಕೇಳಲು ಬಲು ಹಿತ. ಬಿಡುಗಡೆಯೂ ಉಂಟು, ಆಸರೆಯೂ ಉಂಟು ಎಂಬ ಭರವಸೆ ಅದರಲ್ಲಿದೆ. ನೀವು ಯಾರನ್ನು ಬಿಟ್ಟು ಹೋಗುತ್ತೀರೋ ಅವರ ಸಹಿಯಿಲ್ಲದೆ ಆ ಆಸರೆ ಸಿಗುವುದಿಲ್ಲ ಎಂಬ ವಿಷಯ ಮಾತ್ರ ಘೋಷಣೆಯಲ್ಲಿಲ್ಲ.

ನಮ್ಮ ಜಿಲ್ಲೆಯವರಿಗೆ ಈ ವಿಷಯದಲ್ಲಿ ಕುತೂಹಲ ಹುಟ್ಟಲು ಕಾರಣವಿದೆ. ಉತ್ತರ ಕನ್ನಡವನ್ನು 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ವರ್ಗಾಯಿಸಿದರು, 1956ರಲ್ಲಿ ಮುಂಬಯಿಯಿಂದ ಮೈಸೂರು ರಾಜ್ಯಕ್ಕೆ ಸೇರಿಸಿದರು. ಎರಡು ಸಲವೂ ಇಲ್ಲಿನ ಜನರ ಮುಂದೆ ಮತಪೆಟ್ಟಿಗೆ ಇಡಲಿಲ್ಲ. 1956ರಲ್ಲಿ ಕೇಳಿದ್ದರೆ ಹೆಚ್ಚಿನವರು ಸಂತೋಷದಿಂದಲೇ ಒಪ್ಪುತ್ತಿದ್ದರು ಎಂದು ನಾನು ನಂಬುತ್ತೇನೆ, ಆದರೆ ಕೇಳಲಿಲ್ಲ ಎಂಬುದೂ ನಿಜ. ಮಾಜಾಳಿ ದಾಟಿದರೆ ಸಿಗುವ ಗೋವಾದಲ್ಲಿ ಮಾತ್ರ 1967ರ ಜನವರಿ 16ರಂದು ಜನರನ್ನೇ ಕೇಳಲಾಯಿತು. ಆದ್ದರಿಂದ ಯಾರು ಕೇಳಬೇಕು, ಯಾರನ್ನು ಕೇಳಬೇಕು, ಉತ್ತರ ಬಂದ ಮೇಲೆ ಯಾರು ಅದಕ್ಕೆ ಬದ್ಧರು ಎಂಬ ಪ್ರಶ್ನೆಗಳು ನಮಗೆ ಪರದೇಶದವಲ್ಲ. ವಕೀಲರು, ತೋಟದವರು, ಎಡಿನ್‌ಬರದಲ್ಲಿರುವ ನಮ್ಮ ಹೊನ್ನಾವರದ ತಂಗಿ ಎಲ್ಲರೂ ಬರೆಯಬೇಕೆಂದು ಕೋರುತ್ತೇನೆ.

ಕುಮಟೆಯ_ವಕೀಲ

ಕಾಳಿ_ತೀರ ಮಾಸ್ತರರು ಹೇಳಿದ್ದರ ಸಾರವನ್ನು ಒಪ್ಪುತ್ತೇನೆ. ಆದರೆ ಒಂದು ತಿದ್ದುಪಡಿ ಅಗತ್ಯ. ಸದಸ್ಯ ರಾಷ್ಟ್ರದ ಒಂದು ಭಾಗ ಸ್ವತಂತ್ರವಾದರೆ ಏನಾಗುತ್ತದೆ ಎಂಬುದನ್ನು ಐರೋಪ್ಯ ಒಕ್ಕೂಟದ ಒಪ್ಪಂದಗಳು ಎಲ್ಲಿಯೂ ನೇರವಾಗಿ ಹೇಳುವುದಿಲ್ಲ. ಒಕ್ಕೂಟವನ್ನು ಬಿಡುವುದಕ್ಕೆ 50ನೇ ವಿಧಿ ಇದೆ, ಸೇರುವುದಕ್ಕೆ 49ನೇ ವಿಧಿ ಇದೆ, ಸದಸ್ಯ ರಾಷ್ಟ್ರಗಳ ಭೌಗೋಳಿಕ ಅಖಂಡತೆಯನ್ನು ಒಕ್ಕೂಟ ಗೌರವಿಸಬೇಕೆಂದು 4ನೇ ವಿಧಿಯ ಎರಡನೆಯ ಉಪವಿಧಿ ಹೇಳುತ್ತದೆ. ನಡುವಿನ ಖಾಲಿ ಜಾಗವನ್ನು ಒಕ್ಕೂಟದ ಕಾರ್ಯಾಂಗವಾದ ಯುರೋಪಿಯನ್ ಕಮಿಷನ್ ತನ್ನ ಹೇಳಿಕೆಗಳಿಂದ ತುಂಬಿದೆ. 2004ರಲ್ಲಿ ರೊಮಾನೊ ಪ್ರೋದಿ ಅಧ್ಯಕ್ಷರಾಗಿದ್ದಾಗ, ಬೇರ್ಪಟ್ಟ ಪ್ರದೇಶಕ್ಕೆ ಒಪ್ಪಂದಗಳು ಅನ್ವಯಿಸುವುದು ನಿಲ್ಲುತ್ತದೆ, ಅದು ಮೂರನೆಯ ದೇಶ, ಅಂದರೆ ಒಕ್ಕೂಟದ ಹೊರಗಿನ ದೇಶವಾಗುತ್ತದೆ ಎಂದು ಕಮಿಷನ್ ಉತ್ತರಿಸಿತು. 2014ರ ಫೆಬ್ರವರಿಯಲ್ಲಿ ಅವರ ನಂತರದ ಅಧ್ಯಕ್ಷ ಜೋಸೆ ಮನುವೆಲ್ ಬರೋಸೊ ಇನ್ನೂ ಮುಂದೆ ಹೋಗಿ, ಸ್ಕಾಟ್ಲೆಂಡಿಗೆ ಪ್ರವೇಶ ಸಿಗುವುದು ಅತ್ಯಂತ ಕಷ್ಟ, ಅಸಾಧ್ಯವೇ ಆದರೂ ಆದೀತು ಎಂಬರ್ಥದ ಮಾತಾಡಿದರು. ಇದು ಕಮಿಷನ್ನಿನ ನಿಲುವು, ನ್ಯಾಯಾಲಯದ ತೀರ್ಪಲ್ಲ.

ಸ್ಕಾಟ್ಲೆಂಡಿನ ಸರ್ಕಾರ 2013ರ ಶ್ವೇತಪತ್ರದಲ್ಲಿ ಇನ್ನೊಂದು ದಾರಿ ತೋರಿಸಿತ್ತು. ಹೊಸ ಸದಸ್ಯನಾಗಿ 49ನೇ ವಿಧಿಯಡಿ ಸಾಲಿನಲ್ಲಿ ನಿಲ್ಲುವ ಬದಲು, ಒಪ್ಪಂದದ ತಿದ್ದುಪಡಿಗೆಂದು ಇರುವ 48ನೇ ವಿಧಿಯ ಮೂಲಕ ಒಳಗಿದ್ದುಕೊಂಡೇ ಹೆಸರು ಬದಲಿಸಿಕೊಳ್ಳುವುದು. ಜಾಣ ವಾದ. ಆದರೆ 48ನೇ ವಿಧಿಗೂ ಎಲ್ಲರ ಒಪ್ಪಿಗೆಯೇ ಬೇಕು. ಹೋಗುವ ದಾರಿ ಬದಲಾಯಿತೇ ಹೊರತು ಸಹಿ ಹಾಕುವವರು ಬದಲಾಗಲಿಲ್ಲ.

ಪೂರ್ವನಿದರ್ಶನಗಳು ಅಷ್ಟಕ್ಕಷ್ಟೆ. ಅಲ್ಜೀರಿಯಾ ಫ್ರಾನ್ಸಿನ ಭಾಗವಾಗಿ ಒಕ್ಕೂಟದ ಹಿಂದಿನ ರೂಪವಾದ ಆರ್ಥಿಕ ಸಮುದಾಯದೊಳಗಿತ್ತು, 1962ರಲ್ಲಿ ಸ್ವತಂತ್ರವಾಗಿ ಹೊರಬಿತ್ತು, ಮರಳಿ ಬರುವ ಪ್ರಶ್ನೆಯೇ ಏಳಲಿಲ್ಲ. ಗ್ರೀನ್‌ಲ್ಯಾಂಡ್ ಡೆನ್ಮಾರ್ಕಿನಲ್ಲೇ ಉಳಿದು ಸಮುದಾಯವನ್ನು ಮಾತ್ರ 1985ರಲ್ಲಿ ಬಿಟ್ಟಿತು. ಪೂರ್ವ ಜರ್ಮನಿ 1990ರಲ್ಲಿ ಯಾವ ಪ್ರವೇಶ ಒಪ್ಪಂದವೂ ಇಲ್ಲದೆ ಒಳಬಂತು. ಒಕ್ಕೂಟಕ್ಕೆ ಮನಸ್ಸಿದ್ದರೆ ನಿಯಮಗಳು ಬಾಗುತ್ತವೆ ಎಂಬುದಕ್ಕೆ ಈ ಮೂರನೆಯದನ್ನು ಸ್ವಾತಂತ್ರ್ಯವಾದಿಗಳು ಪದೇ ಪದೇ ಎತ್ತಿ ತೋರಿಸುತ್ತಾರೆ. ಆದರೆ ಪೂರ್ವ ಜರ್ಮನಿ ಬಂದದ್ದು ಒಬ್ಬ ಸದಸ್ಯನ ಒಡಲೊಳಗೆ ಸೇರಿಕೊಂಡು. ಒಡಲಿನಿಂದ ಹೊರಬಂದವರ ಕತೆ ಬೇರೆ.

ತೋಟಪಟ್ಟಿ_ಶಿರಸಿ

ನಮ್ಮ ಕಡೆ ಇದನ್ನು ಅರ್ಥಮಾಡಿಕೊಳ್ಳಲು ಐರೋಪ್ಯ ಒಕ್ಕೂಟದ ಕೇಂದ್ರವಾದ ಬ್ರಸೆಲ್ಸಿಗೆ ಹೋಗಬೇಕಾಗಿಲ್ಲ. ಊರಿನ ಸೇವಾ ಸಹಕಾರಿ ಸಂಘದಲ್ಲಿ ಶೇರು ಅಣ್ಣನ ಹೆಸರಿನಲ್ಲಿದ್ದು, ತೋಟ ಹಿಸ್ಸೆಯಾದರೆ, ತಮ್ಮ ತನ್ನ ಪಾಲಿನ ತೋಟದ ಜೊತೆ ಸದಸ್ಯತ್ವವನ್ನೂ ಹೊತ್ತುಕೊಂಡು ಹೋಗಲಾಗುವುದಿಲ್ಲ. ಹೊಸದಾಗಿ ಶೇರು ಕಟ್ಟಿ ಅರ್ಜಿ ಹಾಕಬೇಕು. ಐರೋಪ್ಯ ಒಕ್ಕೂಟದಲ್ಲಿ ಆಡಳಿತ ಮಂಡಳಿಯ ಪ್ರತಿಯೊಬ್ಬರೂ ಹೂಂ ಅನ್ನಬೇಕು, ಅಣ್ಣನೂ ಆ ಮಂಡಳಿಯಲ್ಲೇ ಕೂತಿದ್ದಾನೆ, ಅಷ್ಟೇ ವ್ಯತ್ಯಾಸ.

ನನಗೆ ತಿಳಿಯದೆ ಉಳಿದಿರುವುದು ಬೇರೆ. ಇಷ್ಟೆಲ್ಲ ಕಷ್ಟಪಟ್ಟು ಸ್ವತಂತ್ರರಾಗಿ ಮತ್ತೆ ಅದೇ ಒಕ್ಕೂಟದೊಳಗೆ ಹೋದರೆ ಕೈಗೆ ಬರುವುದೇನು? ಐರೋಪ್ಯ ಒಕ್ಕೂಟದಲ್ಲಿ ಪರದೇಶದ ವ್ಯಾಪಾರ, ಆಮದು ಸುಂಕ, ಯೂರೋ ಹಿಡಿದ ದೇಶಗಳ ಹಣಕಾಸು ನೀತಿ ಎಲ್ಲವೂ ಮೇಲೆಯೇ ತೀರ್ಮಾನವಾಗುತ್ತವೆ. ಶಿರಸಿಯ ಅಡಿಕೆ ಬೆಳೆಗಾರನಿಗೆ ಇದರ ಬಿಸಿ ಚೆನ್ನಾಗಿ ಗೊತ್ತು. 2022ರಲ್ಲಿ ಭೂತಾನಿನಿಂದ ಕನಿಷ್ಠ ಆಮದು ಬೆಲೆಯ ನಿಬಂಧನೆಯಿಲ್ಲದೆ 17,000 ಟನ್ ಹಸಿ ಅಡಿಕೆ ತರಲು ಅನುಮತಿ ಕೊಟ್ಟದ್ದು ದೆಹಲಿ. ಮರುವರ್ಷ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 351 ರೂಪಾಯಿಗೆ ಏರಿಸಿದ್ದೂ ದೆಹಲಿಯೇ. ಎರಡೂ ಸಲ ಬೆಂಗಳೂರು ಮನವಿ ಕೊಡಬಹುದಿತ್ತು, ಅಷ್ಟೆ. ನಾಳೆ ಘಟ್ಟದ ಮೇಲಿನ ತಾಲ್ಲೂಕುಗಳಿಗೆ ಪ್ರತ್ಯೇಕ ಜಿಲ್ಲೆ ಕೊಟ್ಟರೂ, ಪ್ರತ್ಯೇಕ ರಾಜ್ಯವನ್ನೇ ಕೊಟ್ಟರೂ, ಅಡಿಕೆಯ ಚೀಲ ಯಾವ ಬಂದರಿನಿಂದ ಒಳಬರಬೇಕು ಎಂಬುದನ್ನು ನಾವು ನಿರ್ಧರಿಸಲಾರೆವು. ಹಾಗಿರುವಾಗ ಒಕ್ಕೂಟದೊಳಗಿನ ಸ್ವಾತಂತ್ರ್ಯ ಎಂದರೆ ಬರಿಯ ಬಾವುಟ ಬದಲಿಸುವ ಕೆಲಸವಲ್ಲವೇ?

ಶರಾವತಿ_ಮಗಳು (ಹೊನ್ನಾವರ, ಸದ್ಯ ಎಡಿನ್‌ಬರ)

ಬಾವುಟ ಬದಲಿಸುವ ಕೆಲಸ ಎಂದು ಇಲ್ಲಿ ಯಾರೂ ಭಾವಿಸಲಿಲ್ಲ ತೋಟದವರೇ. 2014ರ ಸೆಪ್ಟೆಂಬರ್ 18ರಂದು ಸ್ಕಾಟ್ಲೆಂಡಿನ ಸ್ವಾತಂತ್ರ್ಯದ ಜನಮತದಲ್ಲಿ ನಾನೂ ಮತ ಹಾಕಿದ್ದೇನೆ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವಳು ಹೇಗೆ ಹಾಕಿದಳು ಎಂದು ಊರಿನಲ್ಲಿ ಎಲ್ಲರೂ ಕೇಳಿದರು. ಸ್ಕಾಟ್ಲೆಂಡಿನಲ್ಲಿ ಕಾನೂನುಬದ್ಧವಾಗಿ ನೆಲೆಸಿದ್ದ ಕಾಮನ್‌ವೆಲ್ತ್ ಪ್ರಜೆಗಳಿಗೂ ಐರೋಪ್ಯ ಒಕ್ಕೂಟದ ಪ್ರಜೆಗಳಿಗೂ ಆ ಮತದಾನದಲ್ಲಿ ಹಕ್ಕಿತ್ತು, ಲಂಡನ್ನಿನಲ್ಲಿ ನೆಲೆಸಿದ ಸ್ಕಾಟ್ಲೆಂಡಿನವನಿಗೆ ಇರಲಿಲ್ಲ. ಹುಟ್ಟಿಗಿಂತ ವಾಸಕ್ಕೆ ಬೆಲೆ ಕೊಟ್ಟ ಆ ಒಂದು ನಿರ್ಧಾರದಿಂದಲೇ ಆ ಚಳವಳಿಯ ಬಗ್ಗೆ ನನಗೆ ಗೌರವ ಹುಟ್ಟಿತು. 16 ವರ್ಷ ತುಂಬಿದವರಿಗೂ ಮತ ಇತ್ತು. ನಮ್ಮ ಮತಗಟ್ಟೆ ಒಂದು ಪ್ರಾಥಮಿಕ ಶಾಲೆಯಲ್ಲಿತ್ತು, ನನ್ನ ಮುಂದೆ ಶಾಲೆಯ ಸಮವಸ್ತ್ರದಲ್ಲೇ ಇಬ್ಬರು ಹುಡುಗಿಯರು ನಿಂತಿದ್ದರು. ಸ್ಕಾಟ್ಲೆಂಡ್ ಸ್ವತಂತ್ರ ದೇಶವಾಗಬೇಕೇ ಎಂಬ ಒಂದೇ ಸಾಲು, ಹೌದು, ಅಲ್ಲ ಎಂಬ ಎರಡು ಚೌಕ, ಪೆನ್ಸಿಲ್ಲಿನಲ್ಲಿ ಗುಣಿಸು ಚಿಹ್ನೆ. ನೂರಕ್ಕೆ 84.6 ಮತದಾನವಾಯಿತು, ಅಲ್ಲ ಎಂದವರು 55.3, ಹೌದು ಎಂದವರು 44.7.

ಆಗ ನನ್ನ ಜೊತೆ ಕೆಲಸ ಮಾಡುತ್ತಿದ್ದ ಪೋಲೆಂಡಿನ ಒಬ್ಬಾಕೆ "ಅಲ್ಲ" ಎಂದೇ ಹಾಕಿದಳು. ಸ್ಕಾಟ್ಲೆಂಡ್ ಬೇರೆಯಾದರೆ ಒಕ್ಕೂಟದಿಂದ ಹೊರಬೀಳುತ್ತದೆ, ತನ್ನ ವಾಸದ ಹಕ್ಕಿಗೆ ಕುತ್ತು ಬರುತ್ತದೆ ಎಂಬ ಭಯ ಅವಳಿಗೆ. ಬ್ರಿಟನ್ನಿನಲ್ಲಿ ಉಳಿದರೆ ಯುರೋಪಿನಲ್ಲಿ ಉಳಿಯುತ್ತೇವೆ ಎಂದು ಒಗ್ಗಟ್ಟಿನ ಪರವಾದವರು ಗಟ್ಟಿಯಾಗಿ ಹೇಳುತ್ತಿದ್ದರು. ಎರಡು ವರ್ಷ ಕಳೆಯುವುದರೊಳಗೆ, 2016ರ ಜೂನ್ 23ರಂದು, ಬ್ರಿಟನ್ ಒಟ್ಟಾರೆ 51.9ರಷ್ಟು ಮತದಿಂದ ಒಕ್ಕೂಟವನ್ನು ಬಿಡಲು ತೀರ್ಮಾನಿಸಿತು. ಸ್ಕಾಟ್ಲೆಂಡಿನಲ್ಲಿ 62ರಷ್ಟು ಜನ ಉಳಿಯೋಣ ಎಂದಿದ್ದರು. ವಿಚಿತ್ರವೆಂದರೆ ಆ ಎರಡನೆಯ ಮತದಾನದಲ್ಲೂ ಕಾಮನ್‌ವೆಲ್ತ್ ಪ್ರಜೆಯಾಗಿ ನನಗೆ ಹಕ್ಕಿತ್ತು, ಅವಳಿಗೆ ಇರಲಿಲ್ಲ. ತನ್ನ ಬಾಳನ್ನೇ ತೀರ್ಮಾನಿಸುವ ಮತದ ದಿನ ಅವಳು ಎಂದಿನಂತೆ ಪಾಳಿಗೆ ಬಂದು ಹೋದಳು.

ಕಾನೂನಿನ ವಾದವನ್ನು ವಕೀಲರು ಚೆನ್ನಾಗಿ ಹೇಳಿದ್ದಾರೆ. ನಾನು ಸೇರಿಸುವುದು ಇಷ್ಟೇ. ಒಕ್ಕೂಟದ ಬಾಗಿಲು ಮುಚ್ಚುತ್ತದೆ ಎಂದು ಹೆದರಿಸಿ ಒಂದು ಪ್ರಾಂತ್ಯವನ್ನು ಉಳಿಸಿಕೊಂಡ ಮೇಲೆ, ಆ ಪ್ರಾಂತ್ಯದ ಇಚ್ಛೆಗೆ ವಿರುದ್ಧವಾಗಿ ಅದೇ ಒಕ್ಕೂಟದಿಂದ ಅದನ್ನು ಎಳೆದುಕೊಂಡು ಹೊರಹೋದರೆ, ಮೊದಲಿನ ಉತ್ತರ ಎಷ್ಟು ಕಾಲ ಕಟ್ಟುತ್ತದೆ? ಮತ್ತೆ ಕೇಳುವ ಅಧಿಕಾರ ತಮಗಿದೆ ಎಂದು ಸ್ಕಾಟ್ಲೆಂಡಿನ ಸರ್ಕಾರ ವಾದಿಸಿತು. ಲಂಡನ್ನಿನ ಒಪ್ಪಿಗೆಯಿಲ್ಲದೆ ಸ್ಕಾಟ್ಲೆಂಡಿನ ಸಂಸತ್ತು ಅಂಥ ಕಾನೂನು ಮಾಡಲಾರದು ಎಂದು ಬ್ರಿಟನ್ನಿನ ಸುಪ್ರೀಂ ಕೋರ್ಟ್ 2022ರ ನವೆಂಬರ್ 23ರಂದು ಹೇಳಿತು.

ದಾಂಡೇಲಿ_ನಿವಾಸಿ

ಚರ್ಚೆ ಸ್ವಾರಸ್ಯವಾಗಿದೆ, ಆದರೂ ಒಂದು ಆಕ್ಷೇಪ. ತೆಲಂಗಾಣವನ್ನು ಕ್ಯಾಟಲೋನಿಯಾದ ಪಕ್ಕದಲ್ಲಿಟ್ಟು ಮಾತನಾಡುವುದೇ ತಪ್ಪು. ರಾಜ್ಯ ಕೇಳುವುದು ಬೇರೆ, ದೇಶ ಕೇಳುವುದು ಬೇರೆ. ನಮ್ಮ ದೇಶದಲ್ಲಿ ಎರಡನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದರೆ, ಜಿಲ್ಲೆ ಕೇಳುವವನನ್ನೂ ಅನುಮಾನದಿಂದ ನೋಡುವ ಕಾಲ ಬರುತ್ತದೆ.

ಕುಮಟೆಯ_ವಕೀಲ

ದಾಂಡೇಲಿಯವರ ಎಚ್ಚರಿಕೆ ಸರಿಯಾದದ್ದೇ. ಕಾನೂನಿನಲ್ಲಿ ಆ ಗೆರೆ ಸ್ಪಷ್ಟವಾಗಿದೆ. 1948ರ ನವೆಂಬರ್ 4ರಂದು ಕರಡು ಸಂವಿಧಾನವನ್ನು ಮಂಡಿಸುತ್ತ ಡಾ. ಅಂಬೇಡ್ಕರ್ ಅವರು, ಭಾರತದ ಒಕ್ಕೂಟ ರಾಜ್ಯಗಳ ನಡುವಿನ ಒಪ್ಪಂದದಿಂದ ಹುಟ್ಟಿದ್ದಲ್ಲ, ಆದ್ದರಿಂದ ಯಾವ ರಾಜ್ಯಕ್ಕೂ ಅದನ್ನು ಬಿಡುವ ಹಕ್ಕಿಲ್ಲ ಎಂದು ವಿವರಿಸಿದ್ದರು. 1963ರ ಹದಿನಾರನೆಯ ತಿದ್ದುಪಡಿಯ ನಂತರ ಅಭ್ಯರ್ಥಿಗಳೇ ದೇಶದ ಸಾರ್ವಭೌಮತೆ ಮತ್ತು ಅಖಂಡತೆಯನ್ನು ಎತ್ತಿಹಿಡಿಯುವ ಪ್ರಮಾಣ ಮಾಡಬೇಕು. ಪ್ರತ್ಯೇಕ ರಾಜ್ಯದ ಬೇಡಿಕೆಯಾದರೋ 3ನೇ ವಿಧಿಯ ಒಳಗಿನದೇ, ಅದನ್ನು ಅನುಮಾನಿಸಲು ಕಾರಣವಿಲ್ಲ.

ಆದರೆ ಅದೇ ವಿಧಿಗೆ ಇನ್ನೊಂದು ಅಂಚಿದೆ. ಹೊಸ ರಾಜ್ಯವನ್ನು ಕೊಡಬಲ್ಲ ಕೈ ಇರುವ ರಾಜ್ಯವನ್ನು ಕುಗ್ಗಿಸಲೂ ಬಲ್ಲದು. 2019ರಲ್ಲಿ ಜಮ್ಮು ಮತ್ತು ಕಾಶ್ಮೀರ ರಾಜ್ಯ ಎರಡು ಕೇಂದ್ರಾಡಳಿತ ಪ್ರದೇಶಗಳಾದದ್ದು ಅದೇ ವಿಧಿಯ ಬಲದಿಂದ. ಸ್ಪೇನಿನ ಪ್ರಾಂತ್ಯವನ್ನು ಬ್ರಸೆಲ್ಸ್ ಹುಟ್ಟಿಸಲಾರದು, ಆದರೆ ಅಳಿಸಲೂ ಆರದು. ನಮ್ಮ ವ್ಯವಸ್ಥೆಯಲ್ಲಿ ಪ್ರಾಂತ್ಯದ ಆಸೆ ಈಡೇರುವುದು ಸುಲಭ ಎಂದು ಮಾಸ್ತರರು ಬರೆದಂತೆ ಕಾಣುತ್ತದೆ. ಅದಕ್ಕೆ ತೆತ್ತ ಬೆಲೆಯನ್ನೂ ಅದೇ ಪುಟದಲ್ಲಿ ಬರೆಯಬೇಕು.

ಕಾಳಿ_ತೀರ

ಒಪ್ಪಿದೆ ವಕೀಲರೇ, ಆ ಬೆಲೆ ಸಣ್ಣದಲ್ಲ.

ದಾಂಡೇಲಿಯವರಿಗೆ ಉತ್ತರವಾಗಿ ಗೋವಾದ 1967ರ ಜನಮತವನ್ನು ನೆನಪಿಸುತ್ತೇನೆ. ಮತಪತ್ರದಲ್ಲಿ ಎರಡೇ ದಾರಿಗಳಿದ್ದವು. ಮಹಾರಾಷ್ಟ್ರದಲ್ಲಿ ವಿಲೀನವಾಗುವವರಿಗೆ ಹೂವಿನ ಚಿಹ್ನೆ, ಕೇಂದ್ರಾಡಳಿತ ಪ್ರದೇಶವಾಗಿ ಉಳಿಯುವವರಿಗೆ ಎರಡೆಲೆಯ ಚಿಹ್ನೆ. ಪ್ರತ್ಯೇಕ ದೇಶದ ಮಾತಿರಲಿ, ಪ್ರತ್ಯೇಕ ರಾಜ್ಯದ ಆಯ್ಕೆಯೂ ಅದರಲ್ಲಿರಲಿಲ್ಲ. ಎರಡೆಲೆಗೆ 1,72,191 ಮತ, ಹೂವಿಗೆ 1,38,170 ಮತ ಬಂದವು. ಭಾಷಾವಾರು ರಾಜ್ಯಗಳ ಕಾಲದಲ್ಲಿ ದೊಡ್ಡ ನೆರೆಯವನಲ್ಲಿ ಕರಗದೆ ಇರುವ ಹಕ್ಕನ್ನು ಒಂದು ಪುಟ್ಟ ಪ್ರದೇಶ ಮತದಿಂದ ಗಳಿಸಿಕೊಂಡಿತು, ದೇಶದ ಅಖಂಡತೆಗೆ ಕೂದಲೂ ಕೊಂಕಲಿಲ್ಲ. ಇಪ್ಪತ್ತು ವರ್ಷಗಳ ನಂತರ, 1987ರ ಮೇ 30ರಂದು, ಅದು ಪೂರ್ಣ ರಾಜ್ಯವೂ ಆಯಿತು. ದೊಡ್ಡ ಒಕ್ಕೂಟದ ನೆರಳು ಗಟ್ಟಿಯಾಗಿದ್ದರೆ ಪುಟ್ಟ ಘಟಕ ಧೈರ್ಯವಾಗಿ ನಿಲ್ಲಬಲ್ಲದು ಎಂಬುದಕ್ಕೆ ನನಗೆ ಇದಕ್ಕಿಂತ ಹತ್ತಿರದ ಉದಾಹರಣೆ ಗೊತ್ತಿಲ್ಲ, ಹತ್ತಿರವೆಂದರೆ ಸದಾಶಿವಗಡದಿಂದ ಬಸ್ಸು ಹತ್ತಿದರೆ ಸಿಗುವಷ್ಟು ಹತ್ತಿರ.

ಜನಮತ ನಡೆದ 1967ರಲ್ಲೇ, ಮೈಸೂರು ಮತ್ತು ಮಹಾರಾಷ್ಟ್ರದ ಗಡಿ ತಕರಾರಿಗೆ ನೇಮಿಸಿದ್ದ ಮಹಾಜನ ಆಯೋಗದ ವರದಿಯೂ ಬಂತು. ಕಾರವಾರ, ಹಳಿಯಾಳ, ಸೂಪಾ ತಮಗೆ ಬೇಕೆಂದು ಮಹಾರಾಷ್ಟ್ರ ಕೇಳಿತ್ತು, ಕಾರವಾರ ಇಲ್ಲಿಯೇ ಉಳಿಯಿತು. ಕಾಳಿಯ ಆಚೆಗೆ ಸ್ವಲ್ಪ ದೂರದಲ್ಲಿ ಮತಪೆಟ್ಟಿಗೆ ತೀರ್ಮಾನಿಸಿದ್ದನ್ನು ಈಚೆಗೆ ಆಯೋಗದ ಕಡತ ತೀರ್ಮಾನಿಸಿತು. ಫಲಿತಾಂಶ ನಮಗೆ ಹಿತವಾಗಿದ್ದುದರಿಂದ ವಿಧಾನದ ಬಗ್ಗೆ ಯಾರೂ ತಲೆಕೆಡಿಸಿಕೊಳ್ಳಲಿಲ್ಲ.

ಬೈತಖೋಲ

ಮಾಸ್ತರ್ರೇ, ನಾನು ಮೀನಿನ ವ್ಯಾಪಾರದವನು, ಕಾನೂನು ಓದಿದವನಲ್ಲ. ಮನೆಯಲ್ಲಿ ಕೊಂಕಣಿ, ಅಂಗಡಿಯಲ್ಲಿ ಕನ್ನಡ, ಮಡಗಾಂವಿನ ಮಾರುಕಟ್ಟೆಯಲ್ಲಿ ಮತ್ತೆ ಕೊಂಕಣಿ. ನನಗೆ ಒಕ್ಕೂಟ ಎಂದರೆ ಮಾಜಾಳಿಯ ತನಿಖಾ ಠಾಣೆಯಲ್ಲಿ ಗಾಡಿ ನಿಲ್ಲುತ್ತದೆಯೋ ಇಲ್ಲವೋ ಎಂಬುದು.

2018ರಲ್ಲಿ ಮೀನು ಕೆಡದಂತೆ ಫಾರ್ಮಾಲಿನ್ ಎಂಬ ರಾಸಾಯನಿಕ ಹಾಕುತ್ತಾರೆಂಬ ಗಲಾಟೆ ಎದ್ದಾಗ ಗೋವಾ ಸರ್ಕಾರ ಹೊರರಾಜ್ಯದ ಮೀನಿಗೆ ನಿರ್ಬಂಧ ಹಾಕಿತು. ನೋಂದಣಿ ಬೇಕು, ಶೀತಲ ವ್ಯವಸ್ಥೆಯ ಗಾಡಿಯೇ ಬೇಕು ಎಂದರು. ಬೆಳಿಗ್ಗೆ ಬಲೆಯಿಂದ ತೆಗೆದ ಬಂಗಡೆ ಮಂಜುಗಡ್ಡೆ ಹಾಕಿದ ಪೆಟ್ಟಿಗೆಯಲ್ಲಿ ಗಡಿಯ ಈಚೆ ಕೂತು, ಮಧ್ಯಾಹ್ನದ ಹೊತ್ತಿಗೆ ಪೆಟ್ಟಿಗೆಯ ಸಂದಿಯಿಂದ ಕೆಂಪು ನೀರು ರಸ್ತೆಗೆ ಸೋರುತ್ತಿತ್ತು. ಕಣ್ಣು ಬೆಳ್ಳಗಾದ ಮೀನನ್ನು ಯಾರೂ ಕೊಳ್ಳುವುದಿಲ್ಲ, ಗೊಬ್ಬರಕ್ಕೆ ಕೊಡಬೇಕು. ಒಂದೇ ದೇಶ, ಒಂದೇ ರೂಪಾಯಿ, ಒಂದೇ ಸಮುದ್ರ. ಬಾಂಬೋಳಿಯ ಸರ್ಕಾರಿ ಆಸ್ಪತ್ರೆಯಲ್ಲೂ 2018ರಿಂದ ಗೋವಾದವರಲ್ಲದವರಿಗೆ ಶುಲ್ಕ ಶುರುವಾಯಿತು. ನಮ್ಮ ಜಿಲ್ಲೆಯಲ್ಲಿ ದೊಡ್ಡ ಆಸ್ಪತ್ರೆಯಿಲ್ಲದ ಕಾರಣಕ್ಕೆ ಅಲ್ಲಿಗೆ ಹೋಗುವವರು ನಾವು. ಅವರದ್ದು ಪೂರ್ತಿ ತಪ್ಪು ಎನ್ನುವುದಿಲ್ಲ, ಅವರ ತೆರಿಗೆ, ಅವರ ಹಾಸಿಗೆ. ಆದರೆ ಸ್ವಾಯತ್ತತೆ ಎಂಬ ಮಾತು ಕೇಳಿದಾಗ ಗಡಿಯ ಈಚೆ ನಿಂತವನಿಗೆ ಏನು ನೆನಪಾಗುತ್ತದೆ ಎಂಬುದನ್ನೂ ನೀವು ಓದಿದವರು ತಿಳಿದುಕೊಳ್ಳಬೇಕು. ಅಲ್ಲಿ ಯುರೋಪಿನಲ್ಲಿ ಬೇರೆ ಬೇರೆ ದೇಶಗಳೇ ಆಗಿದ್ದೂ ಮೀನಿನ ಗಾಡಿ ನಿಲ್ಲುವುದಿಲ್ಲ ಎಂದು ಕೇಳಿದ್ದೇನೆ. ಹೌದೇ?

ಶರಾವತಿ_ಮಗಳು

ಹೌದು ಅಣ್ಣ, ಒಕ್ಕೂಟದೊಳಗೆ ಇದ್ದಷ್ಟು ದಿನ ನಿಲ್ಲುವುದಿಲ್ಲ. ಇಲ್ಲಿನ ಸಿಗಡಿ, ಏಡಿ ರಾತ್ರಿ ಹೊರಟು ಸಮುದ್ರದಡಿಯ ಸುರಂಗ ದಾಟಿ ಫ್ರಾನ್ಸಿನ ಮಾರುಕಟ್ಟೆಗೆ ತಾಜಾ ಇರುವಾಗಲೇ ಮುಟ್ಟುತ್ತಿದ್ದವು. 2021ರ ಜನವರಿಯಲ್ಲಿ ಬ್ರಿಟನ್ ಒಕ್ಕೂಟದ ಏಕ ಮಾರುಕಟ್ಟೆಯಿಂದ ಹೊರಬಂದ ಮೇಲೆ ಪ್ರತಿ ಸರಕಿಗೂ ಆರೋಗ್ಯ ಪ್ರಮಾಣಪತ್ರ, ಸುಂಕದ ಕಾಗದ ಬೇಕಾದವು. ಆ ತಿಂಗಳು ಸ್ಕಾಟ್ಲೆಂಡಿನ ಮೀನು ವ್ಯಾಪಾರಿಗಳ ಲಾರಿಗಳು ಲಂಡನ್ನಿನ ಸರ್ಕಾರಿ ಕಚೇರಿಗಳ ಎದುರು ಪ್ರತಿಭಟನೆಗೆ ಬಂದು ನಿಂತವು. ನಿಮ್ಮ ಮಾಜಾಳಿಯ ಕತೆಯೇ.

ಇದರಲ್ಲಿ ಸ್ವಾತಂತ್ರ್ಯದ ಪರವಾದವರು ಇನ್ನೂ ನೇರವಾಗಿ ಉತ್ತರಿಸದ ಒಂದು ಪ್ರಶ್ನೆಯಿದೆ. ಸ್ಕಾಟ್ಲೆಂಡ್ ಈಗ ಸ್ವತಂತ್ರವಾಗಿ ಒಕ್ಕೂಟ ಸೇರಿದರೆ, ಸುಂಕದ ಗಡಿ ಬಂದು ಬೀಳುವುದು ಇಂಗ್ಲೆಂಡಿನ ಮಗ್ಗುಲಿಗೆ. ಸ್ಕಾಟ್ಲೆಂಡಿನ ಅತಿ ದೊಡ್ಡ ವ್ಯಾಪಾರ ನಡೆಯುವುದು ಇಂಗ್ಲೆಂಡಿನೊಡನೆಯೇ. 2014ರಲ್ಲಿ ಎರಡೂ ಒಂದೇ ಒಕ್ಕೂಟದಲ್ಲಿದ್ದಾಗ ಸ್ವಾತಂತ್ರ್ಯ ಎಷ್ಟೋ ಅಗ್ಗವಾಗಿತ್ತು. ಬ್ರೆಕ್ಸಿಟ್ ಸ್ವಾತಂತ್ರ್ಯಕ್ಕೆ ಕಾರಣವನ್ನು ಬಲಪಡಿಸಿತು, ಅದರ ಖರ್ಚನ್ನೂ ಏರಿಸಿತು.

ಕಾಳಿ_ತೀರ

ಈಗ ತೋಟದವರ ಮೊದಲಿನ ಪ್ರಶ್ನೆಗೆ ಬರುತ್ತೇನೆ, ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಎಲ್ಲವೂ ಮೇಲೆಯೇ ತೀರ್ಮಾನವಾಗುವುದಾದರೆ ಸ್ವಾತಂತ್ರ್ಯದಿಂದ ಬರುವುದೇನು? ಮೇಲಿನ ಆ ಮೇಜಿನ ಸುತ್ತ ಒಂದು ಕುರ್ಚಿ ಬರುತ್ತದೆ. ಒಕ್ಕೂಟದ ಸದಸ್ಯನಾದ ಮಾಲ್ಟಾದ ಜನಸಂಖ್ಯೆ ಸುಮಾರು ಐದೂವರೆ ಲಕ್ಷ. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯೊಂದರಲ್ಲೇ 14 ಲಕ್ಷಕ್ಕೂ ಹೆಚ್ಚು ಜನ. ಆ ಮಾಲ್ಟಾಕ್ಕೆ ಮಂತ್ರಿಮಂಡಳಿಯಲ್ಲಿ ಕುರ್ಚಿ ಇದೆ, ಕಮಿಷನ್ನಿನಲ್ಲಿ ಒಬ್ಬ ಕಮಿಷನರ್ ಇದ್ದಾರೆ, ಹೊಸ ಸದಸ್ಯರನ್ನು ತಡೆಯುವ ಅಧಿಕಾರವಿದೆ, ಅದರ ಭಾಷೆ ಒಕ್ಕೂಟದ 24 ಅಧಿಕೃತ ಭಾಷೆಗಳಲ್ಲಿ ಒಂದು. ಮುಕ್ಕಾಲು ಕೋಟಿಗೂ ಮಿಕ್ಕ ಜನರಿರುವ ಕ್ಯಾಟಲೋನಿಯಾಕ್ಕೆ ತನ್ನದೇ ಹಕ್ಕಿನಿಂದ ಇವುಗಳಲ್ಲಿ ಒಂದೂ ಇಲ್ಲ. 1994ರಲ್ಲಿ ಪ್ರಾಂತ್ಯಗಳ ಸಮಿತಿ ಎಂದು ಒಂದನ್ನು ಕಟ್ಟಿದರು, ಅದು ಸಲಹೆ ಕೊಡುತ್ತದೆ. ಸಲಹಾ ಸಮಿತಿಗಳ ಅನುಭವವಿರುವ ಯಾರಿಗೂ ಇದಕ್ಕಿಂತ ಹೆಚ್ಚು ವಿವರಿಸಬೇಕಾಗಿಲ್ಲ. ತನ್ನ ಬೆಳೆಯ, ಬಂದರಿನ, ಭಾಷೆಯ ವಿಷಯ ಬೇರೆಯವರ ಬಾಯಿಂದಲೇ ಮಂಡನೆಯಾಗುತ್ತದೆ ಎಂಬ ಕೊರಗು ಅಲ್ಲಿಂದ ಹುಟ್ಟುತ್ತದೆ. ಒಕ್ಕೂಟ ಬಲವಾದಷ್ಟೂ ರಾಷ್ಟ್ರಗಳು ಅಪ್ರಸ್ತುತವಾಗುತ್ತವೆ ಎಂದು ಹಲವರು ಎಣಿಸಿದ್ದರು. ನಡೆದದ್ದು ಬೇರೆ, ಮೇಲಿನ ಮೇಜಿನ ಕೆಲಸ ಹೆಚ್ಚಿದಷ್ಟೂ ಅಲ್ಲಿನ ಕುರ್ಚಿಯ ಬೆಲೆ ಏರಿತು.

ತೋಟಪಟ್ಟಿ_ಶಿರಸಿ

ಈ ಮಾತು ತೂಕದ್ದು. ಆದರೂ ಕುರ್ಚಿಯೇ ಬೇಕೆಂದಿಲ್ಲ. ಬೆಲ್ಜಿಯಮ್ಮಿನ ವಲೋನಿಯಾವನ್ನು ನೋಡಿ. 2016ರ ಅಕ್ಟೋಬರಿನಲ್ಲಿ ಕೆನಡಾದ ಜೊತೆಗಿನ ವ್ಯಾಪಾರ ಒಪ್ಪಂದಕ್ಕೆ ಇಡೀ ಒಕ್ಕೂಟ ಸಿದ್ಧವಾಗಿದ್ದಾಗ ಆ ಒಂದು ಪ್ರಾಂತ್ಯದ ಸಂಸತ್ತು ತಡೆ ಹಾಕಿತು. ಬೆಲ್ಜಿಯಮ್ಮಿನ ಸಂವಿಧಾನ ಪ್ರಾಂತ್ಯಗಳಿಗೆ ಆ ಅಧಿಕಾರ ಕೊಟ್ಟಿದೆ, ಅವರ ಒಪ್ಪಿಗೆಯಿಲ್ಲದೆ ದೇಶ ಸಹಿ ಹಾಕುವಂತಿರಲಿಲ್ಲ. ತನ್ನ ರೈತರಿಗೆ ಬೇಕಾದ ವಿವರಣೆಗಳನ್ನು ಬರೆಸಿಕೊಂಡೇ ಅದು ಬಿಟ್ಟಿತು. ಸ್ಪೇನಿನಲ್ಲೇ ಬಾಸ್ಕ್ ಪ್ರಾಂತ್ಯವೂ ನವಾರಾವೂ ತಮ್ಮ ತೆರಿಗೆಯನ್ನು ತಾವೇ ಎತ್ತಿ ಮ್ಯಾಡ್ರಿಡ್ಡಿಗೆ ಒಂದು ಪಾಲು ಕಳಿಸುತ್ತವೆ. ಅಡಿಕೆಯ ಆಮದಿನ ವಿಷಯದಲ್ಲಿ ಕರ್ನಾಟಕಕ್ಕೆ ವಲೋನಿಯಾದ ಕಾಲುಭಾಗ ಅಧಿಕಾರವಿದ್ದಿದ್ದರೂ ಸಾಕಿತ್ತು. ಕ್ಯಾಟಲೋನಿಯಾದವರು ಇಂಥದ್ದನ್ನು ಪಟ್ಟು ಹಿಡಿದು ಕೇಳುವುದನ್ನು ಬಿಟ್ಟು ಒಮ್ಮೆಲೇ ಸ್ವಾತಂತ್ರ್ಯಕ್ಕೆ ಹಾರಿದ್ದು ಆತುರವಾಯಿತು.

ಕುಮಟೆಯ_ವಕೀಲ

ಇಲ್ಲ, ಅವರು ಮೊದಲು ಅದನ್ನೇ ಕೇಳಿದ್ದರು. ಘಟನೆಗಳ ಕ್ರಮ ಮುಖ್ಯ. 2006ರಲ್ಲಿ ಕ್ಯಾಟಲೋನಿಯಾದ ಹೊಸ ಸ್ವಾಯತ್ತತಾ ಶಾಸನವನ್ನು ಅಲ್ಲಿನ ಸಂಸತ್ತು, ಸ್ಪೇನಿನ ಸಂಸತ್ತು, ಕೊನೆಗೆ ಕ್ಯಾಟಲೋನಿಯಾದ ಜನರು ಮತದಾನದಲ್ಲಿ, ಮೂವರೂ ಒಪ್ಪಿದರು. ನಾಲ್ಕು ವರ್ಷಗಳ ನಂತರ, 2010ರ ಜೂನಿನಲ್ಲಿ, ಸ್ಪೇನಿನ ಸಾಂವಿಧಾನಿಕ ನ್ಯಾಯಾಲಯ ಅದರ 14 ವಿಧಿಗಳನ್ನು ರದ್ದುಮಾಡಿ ಇನ್ನಷ್ಟನ್ನು ಬಿಗಿಯಾಗಿ ವ್ಯಾಖ್ಯಾನಿಸಿತು. ಮರುತಿಂಗಳೇ ಬಾರ್ಸೆಲೋನಾದ ಬೀದಿಗಳು ತುಂಬಿದವು. ಅದಾದ ಮೇಲೆ ಸ್ವಾತಂತ್ರ್ಯದ ಬೇಡಿಕೆ ಅಂಚಿನಿಂದ ನಡುವಿಗೆ ಬಂತು. ಒಪ್ಪಿಗೆಯಾಗಿದ್ದ ಸ್ವಾಯತ್ತತೆಯನ್ನು ಕಿತ್ತುಕೊಂಡ ಭಾವನೆ ಇಲ್ಲದಿದ್ದರೆ 2017 ನಡೆಯುತ್ತಿರಲಿಲ್ಲ ಎಂದು ನನ್ನ ಅಭಿಪ್ರಾಯ.

ಹಾಗೆಂದು ಸ್ವಾತಂತ್ರ್ಯಕ್ಕಾಗಿ ನಡೆದ 2017ರ ಅಕ್ಟೋಬರ್ 1ರ ಮತದಾನವನ್ನು ನಾನು ಸಮರ್ಥಿಸಲಾರೆ. ನ್ಯಾಯಾಲಯ ತಡೆದಿದ್ದ ಮತದಾನ, ಭಾಗವಹಿಸಿದವರು ಸುಮಾರು 43 ಪ್ರತಿಶತ, ಅವರಲ್ಲಿ 90 ಪ್ರತಿಶತ ಹೌದು ಎಂದರು. ವಿರೋಧವಿದ್ದವರು ಬಹುತೇಕ ಮನೆಯಲ್ಲೇ ಉಳಿದರು. ಪೊಲೀಸರು ಮತಗಟ್ಟೆಗಳಿಗೆ ನುಗ್ಗಿ ಲಾಠಿ ಬೀಸಿದ್ದು ಸ್ಪೇನಿಗೆ ಅವಮಾನ ತಂದಿತು, ಆದರೆ ಲಾಠಿಯೇಟು ಫಲಿತಾಂಶಕ್ಕೆ ಮಾನ್ಯತೆ ಕೊಡುವುದಿಲ್ಲ. ಆ ತಿಂಗಳ 27ರಂದು ಸ್ವಾತಂತ್ರ್ಯದ ಘೋಷಣೆ ಹೊರಟಿತು, ಅದೇ ದಿನ ಮ್ಯಾಡ್ರಿಡ್ ಸ್ಪೇನಿನ ಸಂವಿಧಾನದ 155ನೇ ವಿಧಿಯಡಿ ಪ್ರಾಂತ್ಯದ ಆಡಳಿತವನ್ನು ಕೈಗೆ ತೆಗೆದುಕೊಂಡಿತು, ಪ್ರಾಂತ್ಯದ ಸರ್ಕಾರದ ಮುಖ್ಯಸ್ಥರಾಗಿದ್ದ ಪುಜ್ದೆಮೊನ್ ಬೆಲ್ಜಿಯಮ್ಮಿಗೆ ಹೋದರು. ಒಕ್ಕೂಟದ ಒಂದು ಸದಸ್ಯ ರಾಷ್ಟ್ರವೂ ಮಾನ್ಯತೆ ಕೊಡಲಿಲ್ಲ. ಆ ಘೋಷಣೆಗೂ ಮೊದಲೇ ಕೈಶಾ ಬ್ಯಾಂಕ್ ತನ್ನ ನೋಂದಾಯಿತ ಕಚೇರಿಯನ್ನು ವೆಲೆನ್ಸಿಯಾಕ್ಕೂ ಸಬದೆಲ್ ಬ್ಯಾಂಕ್ ಅಲಿಕಾಂತೆಗೂ ಸಾಗಿಸಿದ್ದವು. ಯೂರೋಪಿನ ಕೇಂದ್ರ ಬ್ಯಾಂಕಿನ ಆಸರೆ ತಪ್ಪೀತೆಂಬ ಭಯಕ್ಕೆ ಠೇವಣಿದಾರರು ಕಾಯುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಮಾಸ್ತರರು ಹೇಳಿದ ಬಾಗಿಲಿನ ಪ್ರಶ್ನೆಗೆ ಬ್ಯಾಂಕುಗಳು ಕೊಟ್ಟ ಉತ್ತರ ಅದು.

ಇದಕ್ಕೆ ಮರ್ಯಾದೆಯ ದಾರಿಯನ್ನು ತೋರಿಸಿದ್ದು ಕೆನಡಾದ ಸುಪ್ರೀಂ ಕೋರ್ಟ್. ಕ್ವಿಬೆಕ್ ಪ್ರಾಂತ್ಯ 1995ರ ಜನಮತದಲ್ಲಿ ಕೇವಲ ಒಂದು ಪ್ರತಿಶತದಷ್ಟು ಅಂತರದಿಂದ ಕೆನಡಾದಲ್ಲಿ ಉಳಿಯಿತು. ಮೂರು ವರ್ಷಗಳ ನಂತರ ಆ ನ್ಯಾಯಾಲಯ ಹೇಳಿತು: ಏಕಪಕ್ಷೀಯವಾಗಿ ಹೊರಹೋಗುವ ಹಕ್ಕು ಪ್ರಾಂತ್ಯಕ್ಕಿಲ್ಲ, ಆದರೆ ಸ್ಪಷ್ಟವಾದ ಪ್ರಶ್ನೆಗೆ ಸ್ಪಷ್ಟವಾದ ಬಹುಮತ ಬಂದರೆ ಉಳಿದ ದೇಶ ಕಿವುಡಾಗಿ ಕೂರುವಂತಿಲ್ಲ, ಮಾತುಕತೆಗೆ ಕೂರುವುದು ಅದರ ಕರ್ತವ್ಯ. ಸ್ಪಷ್ಟ ಬಹುಮತವೆಂದರೆ ಎಷ್ಟು ಎಂಬುದನ್ನು ಅದು ಹೇಳಲಿಲ್ಲ. 2006ರಲ್ಲಿ ಮಾಂಟೆನೆಗ್ರೊ ಸರ್ಬಿಯಾದಿಂದ ಬೇರೆಯಾಗುವಾಗ ಐರೋಪ್ಯ ಒಕ್ಕೂಟವೇ ನಡುವೆ ನಿಂತು 55 ಪ್ರತಿಶತ ಬೇಕೆಂದು ನಿಗದಿಮಾಡಿತು, ಬಂದದ್ದು 55.5. ಅಂದರೆ ತನ್ನ ಅಂಗಳದ ಹೊರಗೆ ಒಕ್ಕೂಟ ಪಂಚಾಯಿತಿ ಮಾಡಬಲ್ಲದು, ನಿಯಮ ಕಟ್ಟಬಲ್ಲದು. ತನ್ನ ಸದಸ್ಯನ ಮನೆಯೊಳಗೆ ಮಾತ್ರ ಅದು ಬಾಯಿ ತೆರೆಯುವುದಿಲ್ಲ.

ಬೈತಖೋಲ

ಕುರ್ಚಿಯ ಮಾತು ಬಂತಲ್ಲ, ಒಂದು ಕೇಳಬೇಕು. ಸಮುದ್ರದಲ್ಲಿ ಯಾರು ಎಷ್ಟು ಮೀನು ಹಿಡಿಯಬೇಕು ಎಂದು ಅಲ್ಲಿ ಹೇಳುವವರು ಯಾರು? ನಮ್ಮಲ್ಲಿ ದಡದಿಂದ 12 ನಾಟಿಕಲ್ ಮೈಲಿಯೊಳಗೆ ರಾಜ್ಯದ ಕಾನೂನು, ಆಚೆಗೆ ಕೇಂದ್ರದ್ದು. ಮಳೆಗಾಲದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಬೋಟು ಕಟ್ಟಬೇಕು. ಅಷ್ಟು ನನಗೆ ಗೊತ್ತು.

ಶರಾವತಿ_ಮಗಳು

ಮೀನುಗಾರಿಕೆಯ ಸಂರಕ್ಷಣೆ ಅಲ್ಲಿ ಪೂರ್ತಿಯಾಗಿ ಒಕ್ಕೂಟದ ಅಧಿಕಾರ. ಪ್ರತಿ ವರ್ಷ ಡಿಸೆಂಬರಿನಲ್ಲಿ ಸದಸ್ಯ ರಾಷ್ಟ್ರಗಳ ಮೀನುಗಾರಿಕಾ ಮಂತ್ರಿಗಳು ಬ್ರಸೆಲ್ಸಿನಲ್ಲಿ ಕೂತು ಮುಂದಿನ ವರ್ಷ ಯಾವ ಮೀನನ್ನು ಎಷ್ಟು ಟನ್ ಹಿಡಿಯಬಹುದು ಎಂದು ತೀರ್ಮಾನಿಸುತ್ತಾರೆ, ಎಷ್ಟೋ ಸಲ ಚರ್ಚೆ ಬೆಳಗಿನ ಜಾವದವರೆಗೂ ಎಳೆಯುತ್ತದೆ. ಸಮುದ್ರವೇ ಇಲ್ಲದ ಆಸ್ಟ್ರಿಯಾದ ಮಂತ್ರಿಗೂ ಅಲ್ಲಿ ಕುರ್ಚಿಯಿದೆ. ಸ್ಪೇನಿನ ಮೀನುಗಾರಿಕೆಯ ತವರಾದ ಗಲೀಸಿಯಾ ಪ್ರಾಂತ್ಯಕ್ಕೆ, ವೀಗೋದಂಥ ಬಂದರಿದ್ದರೂ, ಸ್ವಂತ ಕುರ್ಚಿಯಿಲ್ಲ. ಬ್ರಿಟನ್ ಒಳಗಿದ್ದಾಗ ಸ್ಕಾಟ್ಲೆಂಡಿಗೂ ಇರಲಿಲ್ಲ, ಬ್ರಿಟನ್ನಿನ ಬೇರಾವ ಬಂದರಿಗಿಂತ ಹೆಚ್ಚು ಮೀನು ಇಳಿಯುತ್ತಿದ್ದುದು ಸ್ಕಾಟ್ಲೆಂಡಿನ ಪೀಟರ್‌ಹೆಡ್ ಬಂದರಿನಲ್ಲೇ ಆಗಿದ್ದರೂ. ಗ್ರೀನ್‌ಲ್ಯಾಂಡ್ 1982ರಲ್ಲಿ ಮತ ಹಾಕಿ ಹೊರಬಂದದ್ದಕ್ಕೆ ಮುಖ್ಯ ಕಾರಣವೂ ಮೀನೇ.

ಬೈತಖೋಲ

ಆಸ್ಟ್ರಿಯಾದವನಿಗೆ ಇದ್ದು ಗಲೀಸಿಯಾದವನಿಗೆ ಇಲ್ಲ ಎಂದರೆ ನಾನಾದರೂ ಕುರ್ಚಿ ಕೇಳುತ್ತಿದ್ದೆ. ಆದರೆ ಕುರ್ಚಿ ಸಿಗುವವರೆಗೆ ಗಾಡಿ ಎಷ್ಟು ವರ್ಷ ಗಡಿಯಲ್ಲಿ ನಿಲ್ಲಬೇಕು ಎಂದು ಮೊದಲು ಬರೆದುಕೊಡಿ ಅನ್ನುತ್ತಿದ್ದೆ.

ಕುಮಟೆಯ_ವಕೀಲ

ಅದನ್ನು ಯಾರೂ ಬರೆದುಕೊಡುವುದಿಲ್ಲ. ಕ್ರೊಯೇಷಿಯಾ ಅರ್ಜಿ ಹಾಕಿದ್ದು 2003ರಲ್ಲಿ, ಒಳಬಂದದ್ದು 2013ರಲ್ಲಿ, ಅದೂ ನೆರೆಯ ಸ್ಲೊವೇನಿಯಾ ಸಮುದ್ರದ ಗಡಿಯ ತಕರಾರಿಗಾಗಿ ನಡುವೆ ಮಾತುಕತೆಯನ್ನು ತಡೆದು ನಿಲ್ಲಿಸಿದ ಮೇಲೆ. ಸ್ಕಾಟ್ಲೆಂಡ್, ಕ್ಯಾಟಲೋನಿಯಾಗಳಲ್ಲಿ ಒಕ್ಕೂಟದ ಕಾನೂನುಗಳು ಆಗಲೇ ಜಾರಿಯಲ್ಲಿದ್ದುದರಿಂದ ಅಷ್ಟು ಕಾಲ ಬೇಡ ಎಂದು ವಾದಿಸಬಹುದು. ಆದರೆ ಕ್ರೊಯೇಷಿಯಾಕ್ಕೆ ಎದುರಾದದ್ದು ಒಂದು ಕೊಲ್ಲಿಯ ತಕರಾರು ಮಾತ್ರ. ಸ್ಪೇನಿನ ಮುಂದೆ ಇರುವುದು ಕ್ಯಾಟಲೋನಿಯಾ, ಅಂದರೆ ತನ್ನ ಒಟ್ಟು ದೇಶೀಯ ಉತ್ಪನ್ನದ ಸುಮಾರು ಐದನೆಯ ಒಂದು ಭಾಗ.